ಕೇಬಲ್ ತೆಗೆಸಿ ಪುಕ್ಕಟೆ ಆ್ಯಪ್‌ನಲ್ಲೇ ಸೀರಿಯಲ್ ನೋಡಿದರೆ ಸಾಕಾ?

ವಿಜಯನಗರ ವಾಸಿ:
ಕೇಬಲ್ ತೆಗೆಸಿಬಿಡೋಣ ಅಂತಿದ್ದೇನೆ. ತಿಂಗಳಿಗೆ ನಾನೂರು ರೂಪಾಯಿ ಹತ್ತಿರ ಹೋಗುತ್ತಿದೆ. ನಾನೂ ನನ್ನ ಹೆಂಡತಿಯೂ ಟಿವಿ ಮುಂದೆ ಕೂರುವುದು ಅಪರೂಪ. ನೋಡುವವರು ಅಮ್ಮ ಒಬ್ಬರೇ, ಸಂಜೆ ಆರೂವರೆಗೆ ಕೂತರೆ ಹತ್ತಕ್ಕೆ ಏಳುತ್ತಾರೆ. ಮನೆಯಲ್ಲಿ ಫೈಬರ್ ಇಂಟರ್ನೆಟ್ ಇದೆ, ಸ್ಮಾರ್ಟ್ ಟಿವಿ ಇದೆ. ಹೋದ ವಾರ, ಜಾಹೀರಾತು ಹಾಕಿ ಪುಕ್ಕಟೆ ತೋರಿಸುವ ಆ್ಯಪ್ ಒಂದನ್ನು ಹಾಕಿಕೊಟ್ಟೆ.

ಮೊದಲ ದಿನವೇ ರಗಳೆ. ಸೀರಿಯಲ್‌ನ ಅತ್ತೆ ಸೊಸೆಯ ಕಡೆ ತಿರುಗಿ "ಆ ಮಗು ಯಾರದ್ದು ಗೊತ್ತಾ, ಅದು..." ಅಂದಳು. ಅಷ್ಟರಲ್ಲಿ ಗೋಡೆ ಬಣ್ಣದ ಜಾಹೀರಾತು. ಅದೂ ಹಿಂದಿಯಲ್ಲಿ. ಮುಗಿಯಿತು ಅಂದುಕೊಂಡರೆ ಮತ್ತೆ ಅದೇ ಬಣ್ಣ. ಮೂರನೇ ಸಲವೂ ಅದೇ. ನಮ್ಮದು ಬಾಡಿಗೆ ಮನೆ ಸ್ವಾಮಿ, ಬಣ್ಣ ಹೊಡೆಸಬೇಕಾದವರು ಓನರ್.

ಕೇಬಲ್ ಬಿಟ್ಟು ಹೀಗೇ ನೋಡುತ್ತಿರುವವರು ಯಾರಾದರೂ ಇದ್ದೀರಾ? ಸರಿಹೋಗುತ್ತದಾ?

ಪಿಜಿ ಪರದೇಸಿ:
ದಾನಕ್ಕೆ ಕೊಟ್ಟ ಆಕಳ ಹಲ್ಲು ಎಣಿಸಿದರಂತೆ! ಮಾರತಹಳ್ಳಿ ಪಿಜಿಯಲ್ಲಿ ಮೂರು ವರ್ಷದಿಂದ ನಾನು ನೋಡಿದ್ದೆಲ್ಲ ಪುಕ್ಕಟೆಯೇ. ದಿನಕ್ಕೆ ಒಂದೂವರೆ ಜಿಬಿ ಡೇಟಾ, ವಿಡಿಯೋ ಕ್ವಾಲಿಟಿ 480ಪಿಗೆ ಇಳಿಸಿಕೊಂಡರೆ ಎರಡು ಗಂಟೆ ಆರಾಮಾಗಿ ಬರುತ್ತದೆ. ಜಾಹೀರಾತು ಬಂದಾಗ ಸೌಂಡ್ ಆಫ್ ಮಾಡಿ ವಾಟ್ಸ್ಯಾಪ್ ನೋಡುತ್ತೇನೆ. ಇದಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಲೆಕ್ಕ ಕೇಳೋಳು:
ಪುಕ್ಕಟೆ ಯಾವುದು? ಆ ಜಾಹೀರಾತು ಬರುವುದೂ ನಿಮ್ಮ ಒಂದೂವರೆ ಜಿಬಿಯಲ್ಲೇ. ಅದಕ್ಕೆ ಬೇರೆ ಡೇಟಾ ಕೊಟ್ಟಿದ್ದಾರಾ?

ಇನ್ನೊಂದು ಮಾತು. ಮೊದಲು ಲೆಕ್ಕ ಸಲೀಸಾಗಿತ್ತು. ದುಡ್ಡು ಕೊಟ್ಟರೆ ಜಾಹೀರಾತಿಲ್ಲ, ಜಾಹೀರಾತು ನೋಡಿದರೆ ದುಡ್ಡಿಲ್ಲ. ಈಗ ಅದೂ ಹೋಯಿತು. 2025ರ ಜೂನ್ 17ರಿಂದ ಪ್ರೈಮ್ ವಿಡಿಯೋದಲ್ಲಿ ಚಂದಾ ಕಟ್ಟಿದವರಿಗೂ ಜಾಹೀರಾತು ಶುರುವಾಯಿತು. ಬೇಡ ಅಂದರೆ ವರ್ಷಕ್ಕೆ ಇನ್ನೊಂದು 699 ಕಟ್ಟಿ ಅಂದರು. ಜಿಯೋಹಾಟ್‌ಸ್ಟಾರ್ ಅದೇ ವರ್ಷ ಫೆಬ್ರವರಿಯಲ್ಲಿ ಬಂದಾಗ ಮೂರು ತಿಂಗಳಿಗೆ 149ರ ಪ್ಲಾನ್ ಇಟ್ಟಿತು, ಅದರಲ್ಲೂ ಜಾಹೀರಾತು. ಅಂದರೆ ಪುಕ್ಕಟೆ ನೋಡುವವರಿಗಾಗಿ ಶುರುವಾದದ್ದು ದುಡ್ಡು ಕೊಡುವವರ ಮನೆಗೂ ಬಂತು.

ಪಿಜಿ ಪರದೇಸಿ:
ಅದಕ್ಕೇ ನಾನು ದುಡ್ಡೇ ಕೊಡಲ್ಲ ಅಂತಿರೋದು. ಹೇಗೂ ಜಾಹೀರಾತು ನೋಡಬೇಕು, ಅಲ್ವಾ?

ಹಳೇ ಆಂಟೆನಾ:
ನೀವೆಲ್ಲ ಇದನ್ನು ಹೊಸದು ಅನ್ನುತ್ತಿದ್ದೀರಿ. ದೂರದರ್ಶನದಲ್ಲಿ ಜಾಹೀರಾತು ಬಂದದ್ದು 1976ರಲ್ಲಿ. 1984ರಲ್ಲಿ 'ಹಮ್ ಲೋಗ್' ಶುರುವಾದಾಗ ಅದರ ಹಿಂದೆ ಇದ್ದದ್ದು ಮ್ಯಾಗಿ ನೂಡಲ್ಸ್ ದುಡ್ಡು. ರಾಜಾಜಿನಗರದಲ್ಲಿ ನಮ್ಮ ಬೀದಿಗೆಲ್ಲ ಒಂದೇ ಟಿವಿ. ಮೂವತ್ತು ಜನ ಕೂತು ನೋಡುತ್ತಿದ್ದೆವು, ಜಾಹೀರಾತೂ ಸೇರಿಸಿ. ಮಕ್ಕಳಿಗೆ ಸೀರಿಯಲ್‌ಗಿಂತ ಜಾಹೀರಾತಿನ ಹಾಡೇ ಬಾಯಿಪಾಠ. ಪುಕ್ಕಟೆ ಟಿವಿ ಅಂದರೆ ಯಾವತ್ತೂ ಸೋಪು ಮಾರುವವನ ದುಡ್ಡೇ.

ಒಂದು ವ್ಯತ್ಯಾಸ ಇದೆ, ಒಪ್ಪುತ್ತೇನೆ. ಟಿವಿ ಚಾನೆಲ್‌ಗೆ ಗಂಟೆಗೆ 12 ನಿಮಿಷದ ಮಿತಿ ಅಂತ ಕೇಬಲ್ ನಿಯಮದಲ್ಲಿ ಬರೆದಿದೆ. ಹತ್ತು ನಿಮಿಷ ಜಾಹೀರಾತು, ಎರಡು ನಿಮಿಷ ಚಾನೆಲ್‌ನ ಸ್ವಂತ ಪ್ರಚಾರ. ಎಷ್ಟು ಪಾಲಿಸುತ್ತಾರೆ ಅಂತ ಕೇಳಬೇಡಿ. ಆ್ಯಪ್‌ಗೆ ಆ ನಿಯಮ ಅನ್ವಯಿಸುವುದಿಲ್ಲ.

ರೀಟೇಕ್:
ಒಂದು ಸೀರಿಯಲ್‌ನ ಬರವಣಿಗೆ ತಂಡದಲ್ಲಿ ನಾಲ್ಕು ವರ್ಷ ಇದ್ದೆ. ಹೆಸರು ಬೇಡ. ವಿಜಯನಗರದವರ ಅಮ್ಮನಿಗೆ ಸಿಟ್ಟು ಬಂದದ್ದು ಜಾಹೀರಾತಿನ ಮೇಲಲ್ಲ, ಅದು ಬಂದ ಜಾಗದ ಮೇಲೆ. ನೋಡಿ, ಅರ್ಧ ಗಂಟೆಯ ಸೀರಿಯಲ್‌ನಲ್ಲಿ ಕಥೆ ಇರುವುದು ಇಪ್ಪತ್ತೆರಡು ನಿಮಿಷದ ಆಸುಪಾಸು. ನಾವು ಬರೆಯುವಾಗಲೇ ಬ್ರೇಕ್ ಎಲ್ಲಿ ಅಂತ ಗುರುತು ಹಾಕುತ್ತಿದ್ದೆವು. ಬ್ರೇಕ್‌ಗೆ ಮುಂಚೆ ಒಂದು ಏಟು ಬೀಳಲೇಬೇಕು. ಬಾಗಿಲು ತೆರೆಯುತ್ತದೆ, ಮೂರು ಸಲ ಮುಖ ತೋರಿಸುತ್ತಾರೆ, ಢಣ್ ಅಂತ ಮ್ಯೂಸಿಕ್, ಆಮೇಲೆ ಬ್ರೇಕ್. ಜನ ನಗುತ್ತಾರೆ, ಆದರೆ ಆ ಮೂರು ಸಲದ ಮುಖ ಇರುವುದೇ ಜಾಹೀರಾತು ಮುಗಿಯುವವರೆಗೂ ನಿಮ್ಮನ್ನು ಕೂರಿಸೋಕೆ.

ಅದೇ ಕಂತು ಆನ್‌ಲೈನಿಗೆ ಹೋದಾಗ ನಮ್ಮ ಗುರುತು ಎಷ್ಟೋ ಸಲ ಜೊತೆಗೆ ಹೋಗುವುದಿಲ್ಲ. ಇಂತಿಷ್ಟು ನಿಮಿಷಕ್ಕೊಂದು ಅಂತ ಯಂತ್ರ ಕತ್ತರಿಸುತ್ತದೆ. ಮಾತು ಮಧ್ಯದಲ್ಲಿ ತುಂಡಾಗುತ್ತದೆ. ಯೂಟ್ಯೂಬ್‌ನಲ್ಲಿ ಎಂಟು ನಿಮಿಷ ಮೀರಿದ ವಿಡಿಯೋಗೆ ಮಧ್ಯೆ ಜಾಹೀರಾತು ಹಾಕಬಹುದು. ಎಲ್ಲಿ ಅಂತ ಅಪ್‌ಲೋಡ್ ಮಾಡಿದವರೇ ಆರಿಸಬಹುದು, ಆದರೆ ಐನೂರು ಹಳೆಯ ಕಂತು ಹಾಕುವವರು ಒಂದೊಂದನ್ನೂ ಕೂತು ನೋಡುತ್ತಾರಾ? ಆಟೋಮ್ಯಾಟಿಕ್ ಒತ್ತಿ ಊಟಕ್ಕೆ ಹೋಗುತ್ತಾರೆ. ತಮಾಷೆ ಅಂದರೆ, ಅದು ಕತ್ತರಿಸಿ ಎರಡು ನಿಮಿಷಕ್ಕೆ ನಾವು ಬರೆದ 'ಢಣ್' ಬರುತ್ತದೆ. ಅಲ್ಲಿ ಬ್ರೇಕೇ ಇರಲ್ಲ.

ಲೆಕ್ಕ ಕೇಳೋಳು:
ಅಯ್ಯೋ, ಹೌದಲ್ಲ! ಹಳೆಯ ಸೀರಿಯಲ್ ನೋಡುವಾಗ ಆ ಢಣ್ ಆದ ಕೂಡಲೇ ಮುಂದಿನ ಸೀನ್ ಬರುತ್ತದೆ. ಏನೋ ಎಡವಿದ ಹಾಗಾಗುತ್ತದೆ. ಯಾಕೆ ಅಂತ ಈಗ ಗೊತ್ತಾಯಿತು.

ಸ್ಲಾಟ್ ಮಾರೋನು:
ಔಟರ್ ರಿಂಗ್ ರೋಡಿನ ಆಫೀಸೊಂದರಲ್ಲಿ ಆನ್‌ಲೈನ್ ಜಾಹೀರಾತಿನದ್ದೇ ಕೆಲಸ ಮಾಡುತ್ತೇನೆ. ಕಲ್ಲು ಎಸೆಯುವ ಮುಂಚೆ ಎರಡು ಮಾತು ಕೇಳಿ.

ಒಂದೇ ಬಣ್ಣ ಮೂರು ಸಲ ಯಾಕೆ ಬಂತು? ಬ್ರೇಕ್ ಬರುವ ಹೊತ್ತಿಗೆ ಆ ಜಾಗ ಕ್ಷಣಾರ್ಧದಲ್ಲಿ ಹರಾಜಾಗುತ್ತದೆ. ಹರಾಜು ಒಂದೇ ಕಟ್ಟೆಯಲ್ಲಿ ಅಲ್ಲ, ಮೂರು ನಾಲ್ಕು ಕಡೆ. ಬಣ್ಣದ ಕಂಪನಿ ಎಲ್ಲ ಕಡೆಯೂ ಕೂತಿರುತ್ತದೆ. 'ಒಬ್ಬರಿಗೆ ದಿನಕ್ಕೆ ಇಷ್ಟೇ ಸಲ' ಅನ್ನುವ ಮಿತಿ ಇದೆ, ಆದರೆ ಒಂದು ಕಟ್ಟೆಯ ಲೆಕ್ಕ ಇನ್ನೊಂದಕ್ಕೆ ಗೊತ್ತಿರಲ್ಲ. ಜೊತೆಗೆ ಕನ್ನಡ ಸೀರಿಯಲ್ ಜಾಗಕ್ಕೆ ಕೂಗುವವರು ಕಡಿಮೆ ಇದ್ದಾಗ ಇದ್ದವನೇ ಮೂರೂ ಸಲ ಗೆಲ್ಲುತ್ತಾನೆ. ಯಾರೂ ಬೇಕಂತ ಮಾಡುವುದಲ್ಲ. ನಿಜ ಹೇಳಬೇಕೆಂದರೆ ಜಾಹೀರಾತು ಕೊಟ್ಟವನಿಗೂ ಇದು ಲಾಸೇ.

ಆಮೇಲೆ ಮನೆಯ ಟಿವಿ, ಫೋನು, ಲ್ಯಾಪ್‌ಟಾಪ್ ಎಲ್ಲವೂ ಒಂದೇ ವೈಫೈನಲ್ಲಿ ಇರುತ್ತವೆ. ಹೊರಗಿನಿಂದ ನೋಡಿದರೆ ಇಂಟರ್ನೆಟ್ ವಿಳಾಸ ಒಂದೇ. ಅದಕ್ಕೇ ಒಬ್ಬರು ಹುಡುಕಿದ್ದರ ಜಾಹೀರಾತು ಇನ್ನೊಬ್ಬರ ಮುಂದೆ ಬರುತ್ತದೆ. ಮನೆಯಲ್ಲಿ ಯಾರಾದರೂ ಬಣ್ಣದ ರೇಟು ಹುಡುಕಿದ್ದಾರಾ ನೋಡಿ.

ಕನ್ನಡ ಹಾಕ್ರಪ್ಪ:
ಎಲ್ಲ ಸರಿ, ಹಿಂದಿ ಯಾಕೆ? ಸೀರಿಯಲ್ ಕನ್ನಡ, ನೋಡುವವರು ಕನ್ನಡದವರು, ಊರು ಬೆಂಗಳೂರು. ಕೇಬಲ್‌ನಲ್ಲಿ ಬರುವ ಕನ್ನಡ ಚಾನೆಲ್‌ನಲ್ಲಿ ಅದೇ ಬಣ್ಣದವನು ಕನ್ನಡದಲ್ಲಿ ಮಾತಾಡುತ್ತಾನೆ. ಅಂದರೆ ಕನ್ನಡದ ಜಾಹೀರಾತು ಅವರ ಹತ್ತಿರ ಇದೆ! ಇಟ್ಟುಕೊಂಡು ಹಾಕಲ್ಲ ಅಂದರೆ ಸೋಮಾರಿತನ ತಾನೇ?

ಸ್ಲಾಟ್ ಮಾರೋನು:
ಅರ್ಧ ಸೋಮಾರಿತನ, ಒಪ್ಪಿದೆ. ಟಿವಿಯಲ್ಲಿ ಚಾನೆಲ್ ನೋಡಿ ಜಾಹೀರಾತು ಕೊಳ್ಳುತ್ತಾರೆ, ಹಾಗಾಗಿ ಭಾಷೆ ತಪ್ಪಲ್ಲ. ಆನ್‌ಲೈನಲ್ಲಿ 'ದೊಡ್ಡ ನಗರ, 25ರಿಂದ 45 ವಯಸ್ಸು' ಅಂತ ಜನರನ್ನು ನೋಡಿ ಕೊಳ್ಳುತ್ತಾರೆ. ಬೆಂಗಳೂರು ಅಂದ ಕೂಡಲೇ ಹಿಂದಿ ಇಲ್ಲವೇ ಇಂಗ್ಲಿಷ್ ಟಿಕ್ ಮಾಡಿ ಮುಗಿಸುತ್ತಾರೆ. ನಿಮ್ಮ ಟಿವಿಯ ಸೆಟ್ಟಿಂಗ್ ಇಂಗ್ಲಿಷ್‌ನಲ್ಲಿದ್ದರೆ ಇನ್ನೂ ಕಷ್ಟ. ಟಿವಿಯ ಭಾಷೆ, ಆ್ಯಪ್‌ನ ಭಾಷೆ ಎರಡನ್ನೂ ಕನ್ನಡಕ್ಕೆ ಬದಲಾಯಿಸಿ. ಪೂರ್ತಿ ಅಲ್ಲದಿದ್ದರೂ ಸ್ವಲ್ಪ ವ್ಯತ್ಯಾಸ ಆಗುತ್ತದೆ.

ಕನ್ನಡ ಹಾಕ್ರಪ್ಪ:
ಬದಲಾಯಿಸಿದ್ದೇನೆ ಸಾರ್, ಯಾವಾಗಲೋ. ಈಗ ಕನ್ನಡ ಬರುತ್ತೆ, "ಇಂದೇ ತನ್ನಿ ನಿಮ್ಮ ಗೋಡೆಗಳಿಗಾಗಿ ಹೊಳಪಿನ ಭರವಸೆ" ಅನ್ನೋ ಥರದ್ದು. ಇದು ಯಾವ ಮನೆಯಲ್ಲಿ ಆಡುವ ಕನ್ನಡ? ಸುಮ್ನೆ ಹಿಂದೀನೇ ಇರಲಿ ಅನ್ನಿಸಿಬಿಡುತ್ತೆ. ಅದೇ ಅವರಿಗೆ ಬೇಕಾಗಿರೋದೇನೋ.

ಡಲ್ಲಾಸ್ ವಾಪಸಿ:
ಒಂಬತ್ತು ವರ್ಷ ಅಮೆರಿಕದಲ್ಲಿದ್ದು ಬಂದೆ. ಅಲ್ಲಿ ಟೂಬಿ, ಪ್ಲೂಟೋ ಟಿವಿ ಅಂತ ಪುಕ್ಕಟೆಯವೇ ದೊಡ್ಡ ವ್ಯಾಪಾರ. 2020ರಲ್ಲಿ ಫಾಕ್ಸ್ ಕಂಪನಿ ಟೂಬಿಯನ್ನು ಕೊಂಡದ್ದು 44 ಕೋಟಿ ಡಾಲರಿಗೆ. ಆದರೆ ನಂಬಿಕೊಂಡು ಕೂರುವ ಹಾಗಿಲ್ಲ. ಅಲ್ಲಿನ ಹೂಲೂ ಆ್ಯಪ್ ಶುರುವಾದದ್ದು ಪುಕ್ಕಟೆ ಟಿವಿ ಶೋ ತೋರಿಸುತ್ತ. ಜನಕ್ಕೆ ರೂಢಿಯಾಯಿತು, 2016ರಲ್ಲಿ ಪುಕ್ಕಟೆ ಭಾಗ ಮುಚ್ಚಿತು.

ಸದ್ದಿನ ವಿಷಯ ಯಾರೂ ಎತ್ತಲಿಲ್ಲವಲ್ಲ? ಪಾತ್ರಗಳು ಪಿಸುಗುಟ್ಟುತ್ತಾರೆ ಅಂತ ವಾಲ್ಯೂಮ್ ಜಾಸ್ತಿ ಮಾಡಿರುತ್ತೇವೆ. ಜಾಹೀರಾತು ಬಂದು ಕಿವಿ ಕಿತ್ತುಹೋಗುತ್ತದೆ, ಮಲಗಿದ್ದ ಮಗು ಏಳುತ್ತದೆ. ಅಲ್ಲಿ ಟಿವಿ ಜಾಹೀರಾತಿನ ಸದ್ದಿಗೆ 2010ರಲ್ಲೇ ಕಾನೂನು ಬಂತು. ಆನ್‌ಲೈನಿಗೆ ಅದು ತಾಗುತ್ತಿರಲಿಲ್ಲ. 2025ರಲ್ಲಿ ಕ್ಯಾಲಿಫೋರ್ನಿಯಾ ಆನ್‌ಲೈನಿಗೂ ಕಾನೂನು ಮಾಡಿದೆ.

ಪಿಜಿ ಪರದೇಸಿ:
ಟೆಲಿಗ್ರಾಮ್‌ನಲ್ಲಿ ಜಾಹೀರಾತೇ ಇಲ್ಲದೆ ಎಲ್ಲ ಕಂತೂ ಸಿಗುತ್ತೆ. ಬೇಕಾದವರು ಹೇಳಿ.

ರೀಟೇಕ್:
ಬೇಡ ಮಾರಾಯ. ಆ ಬಣ್ಣದ ಜಾಹೀರಾತಿನಿಂದಲೇ ನಮ್ಮಂಥವರ ಸಂಬಳ ಬರೋದು. ಬೈಯಿರಿ, ಆದರೆ ಕದಿಯಬೇಡಿ.

ಹಳೇ ಆಂಟೆನಾ:
ವಿಜಯನಗರದವರೇ, ಇನ್ನೊಂದು ದಾರಿ. ಡಿಡಿ ಫ್ರೀ ಡಿಶ್ ಹಾಕಿಸಿ. ಒಂದು ಸಲ ತಟ್ಟೆ, ಪೆಟ್ಟಿಗೆಯ ಖರ್ಚು, ಆಮೇಲೆ ತಿಂಗಳ ಬಾಡಿಗೆ ಇಲ್ಲ. ಇಂಟರ್ನೆಟ್ಟೂ ಬೇಡ. ಚಂದನದಲ್ಲಿ 'ಥಟ್ ಅಂತ ಹೇಳಿ' ನೋಡಬಹುದು. 2002ರಿಂದ ನಡೆಯುತ್ತಿದೆ. ಯಾರೂ ಯಾರ ಮಗುವನ್ನೂ ಅದಲು ಬದಲು ಮಾಡಲ್ಲ, ಗೆದ್ದವರಿಗೆ ಪುಸ್ತಕ ಕೊಡುತ್ತಾರೆ.

ವಿಜಯನಗರ ವಾಸಿ:
ಎಲ್ಲರಿಗೂ ಥ್ಯಾಂಕ್ಸ್. ಫ್ರೀ ಡಿಶ್ ವಿಷಯ ಅಮ್ಮನಿಗೆ ಹೇಳಿದೆ. "ನನ್ನ ಸೀರಿಯಲ್ ಅದರಲ್ಲಿ ಬರುತ್ತಾ?" ಅಂದರು. ಬರಲ್ಲ. ಅಲ್ಲಿಗೆ ಮುಗಿಯಿತು.

ಒಂದು ವಾರ ಆ್ಯಪ್‌ನಲ್ಲೇ ನೋಡಿದರು. ಟಿವಿಯ ಭಾಷೆ ಕನ್ನಡಕ್ಕೆ ಬದಲಾಯಿಸಿದ ಮೇಲೆ ಹಿಂದಿ ಕಡಿಮೆಯಾಯಿತು. ಆದರೆ ಬೇರೆ ಎರಡು ತೊಂದರೆ ಬಂದವು. ಇವತ್ತಿನ ಕಂತು ಇವತ್ತೇ ಬೇಕಾದರೆ ದುಡ್ಡು, ಪುಕ್ಕಟೆಗೆ ಮಾರನೇ ದಿನ. ಬೆಳಿಗ್ಗೆ ಸೊಪ್ಪಿನ ಗಾಡಿ ಹತ್ತಿರ ಮೇಲಿನ ಮನೆ ಆಂಟಿ, ಅವರಿಗೆ ಕೇಬಲ್ ಇದೆ, ದಂಟು ಆರಿಸುತ್ತ ಆರಿಸುತ್ತ ಪೂರ್ತಿ ಕಥೆ ಹೇಳಿಬಿಡುತ್ತಾರೆ. ಮಗು ಯಾರದ್ದು ಅನ್ನುವುದು ಅಮ್ಮನಿಗೆ ಗೊತ್ತಾದದ್ದು ಹಾಗೆ.

ಎರಡನೆಯದು ನನಗೆ ಹೊಳೆದೇ ಇರಲಿಲ್ಲ. ಇಲ್ಲಿನ ಜಾಹೀರಾತು ಅರ್ಧ ನಿಮಿಷ, ಒಂದು ನಿಮಿಷ. ಕೇಬಲ್‌ನಲ್ಲಿ ನಾಲ್ಕೈದು ನಿಮಿಷ. "ಅಷ್ಟು ಹೊತ್ತಿಗೆ ನಾನು ಅನ್ನಕ್ಕಿಟ್ಟು, ಸಾರಿಗೆ ಒಗ್ಗರಣೆ ಹಾಕಿ ಬರುತ್ತಿದ್ದೆ. ಇದರಲ್ಲಿ ಸಾಸಿವೆ ಚಟಪಟ ಅನ್ನೋದರೊಳಗೆ ಶುರುವಾಗಿಬಿಡುತ್ತೆ" ಅಂದರು.

ಪಿಜಿ ಪರದೇಸಿ:
ಪಾಜ್ ಬಟನ್ ಇದೆಯಲ್ಲ ಸಾರ್?

ವಿಜಯನಗರ ವಾಸಿ:
ತೋರಿಸಿಕೊಟ್ಟೆ. "ಒಗ್ಗರಣೆ ಕೈಯಲ್ಲಿ ರಿಮೋಟ್ ಮುಟ್ಟಲಾ?" ಅಂದರು. ಕೇಬಲ್ ಹುಡುಗನಿಗೆ ಈ ತಿಂಗಳ ದುಡ್ಡು ಕೊಟ್ಟು ಕಳಿಸಿದೆ.

ಅಂದ ಹಾಗೆ ಸ್ಲಾಟ್ ಮಾರೋನು ಅವರೇ, ಮನೆಯಲ್ಲಿ ಯಾರೂ ಬಣ್ಣದ ರೇಟು ಹುಡುಕಿರಲಿಲ್ಲ. ನಿಮ್ಮ ಮಾತು ಓದಿದ ಮೇಲೆ ಒಂದು ಕೋಟ್‌ಗೆ ಎಷ್ಟಾಗುತ್ತೆ ನೋಡೋಣ ಅಂತ ನಾನೇ ಹುಡುಕಿದೆ. ಈಗ ಆ ಜಾಹೀರಾತು ನನ್ನ ಹೆಂಡತಿಯ ಫೋನಿಗೂ ಬರುತ್ತಿದೆ.