11 ವರ್ಷದ ಪೊಮೇರಿಯನ್: ಕೂದಲು ಜಡೆಗಟ್ಟಿದೆ, ಹಿಂಗಾಲು ಮುಟ್ಟಲು ಬಿಡುತ್ತಿಲ್ಲ

ಜಗಲಿಕಟ್ಟೆ (ಶಿರಸಿ):
ಗಂಡು ಪೊಮೇರಿಯನ್, 9 ಕೆಜಿ. ಮಳೆ ಹಿಡಿದಾಗಿನಿಂದ ಕಿವಿಯ ಹಿಂದೆ ಮತ್ತು ಹಿಂದೊಡೆಯಲ್ಲಿ ಕೂದಲು ಜಡೆಗಟ್ಟಿದೆ. ಬೆನ್ನು, ಎದೆ ಬಾಚಿದರೆ ಸುಮ್ಮನಿರುತ್ತದೆ. ಹಿಂಗಾಲಿಗೆ ಕೈ ಹೋಯಿತೋ, ಗುರ್ ಎನ್ನುತ್ತದೆ. ಮೀಯಿಸಿ ಕಂಡಿಷನರ್ ಹಾಕಿದ ಮೇಲೆ ಗಂಟು ಇನ್ನೂ ಬಿಗಿಯಾಗಿದೆ. ಟ್ರಿಮ್ಮರ್ ಹಾಕಿ ಪೂರ್ತಿ ಬೋಳಿಸಿಬಿಡಲಾ? ಮನೆಯಲ್ಲಿ 3 ತಿಂಗಳ ಲ್ಯಾಬ್ರಡಾರ್ ಮರಿಯೂ ಇದೆ, ಅದಕ್ಕೆ ಬ್ರಶ್ ಅಂದರೆ ಕಚ್ಚುವ ಆಟಿಕೆ.

ಕಾಳಿದಂಡೆ (ಕಾರವಾರ):
ಬೋಳಿಸಬೇಡಿ, ಕಾರಣ ಆಮೇಲೆ ಹೇಳುತ್ತೇನೆ. ಮೊದಲು ಒಂದೆರಡು ವಿಷಯ ಗಮನಿಸಿ. ಮಲಗಿ ಎದ್ದಾಗ ಮೊದಲ ನಾಲ್ಕು ಹೆಜ್ಜೆ ಬಿಗಿಯಾಗಿ ಇಡುತ್ತದಾ? ಜಗಲಿಯ ಮೆಟ್ಟಿಲ ಬುಡದಲ್ಲಿ ನಿಂತು ಯೋಚಿಸುತ್ತದಾ? ನಡೆಯುವಾಗ ನಡುವೆ ಒಮ್ಮೆ ಹಿಂಗಾಲು ಎತ್ತಿ ಕುಪ್ಪಳಿಸುತ್ತದಾ? ಸಣ್ಣ ತಳಿಗಳಲ್ಲಿ ಮಂಡಿಚಿಪ್ಪು ಜಾರುವುದು ಸಾಮಾನ್ಯ, ಈ ವಯಸ್ಸಿಗೆ ಸಂಧಿವಾತವೂ ಸೇರುತ್ತದೆ. ಮುಂಭಾಗ ಬಾಚಿಸಿಕೊಂಡು ಹಿಂಭಾಗಕ್ಕೆ ಮಾತ್ರ ಗುರ್ ಎನ್ನುವ ನಾಯಿಗೆ ಅಲ್ಲಿ ನೋವಿದೆ ಎಂದೇ ಹಿಡಿಯಿರಿ. ಬಾಯಿಗೆ ಪಟ್ಟಿ ಕಟ್ಟಿ ಕೆಲಸ ಮುಗಿಸಲು ಹೋಗಬೇಡಿ, ಪಶುವೈದ್ಯರಿಗೆ ತೋರಿಸಿ. ಮನೆಯಲ್ಲಿರುವ ಐಬುಪ್ರೊಫೆನ್, ಪ್ಯಾರಸಿಟಮಾಲ್ ಮಾತ್ರ ಕೊಡಲೇಬೇಡಿ, ನಾಯಿಗೆ ವಿಷವಾಗುತ್ತದೆ.

ಇನ್ನು ಜಡೆ. ಗಂಟು ಬಿಡಿಸದೆ ಮೀಯಿಸಿದ್ದೇ ತಪ್ಪಾಗಿದೆ. ಒದ್ದೆಯಾದ ಗಂಟು ಒಣಗುವಾಗ ಇನ್ನಷ್ಟು ಕುಗ್ಗುತ್ತದೆ, ಒಳಗೆ ಸೋಪು ಉಳಿದು ಚರ್ಮ ಕೆರೆಯುತ್ತದೆ. ಮುಂದೆ ಯಾವಾಗಲೂ ಮೊದಲು ಬಾಚುವುದು, ಆಮೇಲೆ ನೀರು.

ನಯವಾದ ನೆಲದಲ್ಲಿ ನಿಲ್ಲಿಸಬೇಡಿ. ಗೋಣಿಚೀಲ ಮಡಚಿ ಹಾಸಿ, ನೋವಿಲ್ಲದ ಮಗ್ಗುಲು ಕೆಳಗಿರುವಂತೆ ಮಲಗಿಸಿ. ಗಂಟಿಗೆ ಒಂದು ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ ತಿಕ್ಕಿ, ಕೂದಲ ಜಾರಿಕೆ ಹೆಚ್ಚುತ್ತದೆ. ಎಡಗೈಯ ಎರಡು ಬೆರಳಿನಲ್ಲಿ ಗಂಟಿನ ಬುಡವನ್ನು ಚರ್ಮದ ಹತ್ತಿರ ಹಿಡಿದುಕೊಳ್ಳಿ. ಎಳೆತವೆಲ್ಲ ನಿಮ್ಮ ಬೆರಳಿಗೆ ಬೀಳಬೇಕು, ಚರ್ಮಕ್ಕೆ ಹೋಗಬಾರದು. ಗಂಟನ್ನು ಬೆರಳಿನಿಂದ ಕೂದಲು ಬೆಳೆದ ದಿಕ್ಕಿನಲ್ಲೇ ಎರಡು ಮೂರು ಸೀಳು ಮಾಡಿ, ತುದಿಯಿಂದ ಬುಡದ ಕಡೆಗೆ ಸ್ವಲ್ಪ ಸ್ವಲ್ಪ ಬಿಡಿಸುತ್ತಾ ಬನ್ನಿ. ಕೊನೆಗೆ ಸ್ಟೀಲ್ ಬಾಚಣಿಕೆ ಬುಡದಿಂದ ತುದಿಯವರೆಗೆ ತಡೆಯಿಲ್ಲದೆ ಹೋದರೆ ಮಾತ್ರ ಆಯಿತು ಅನ್ನಿ. ತಂತಿ ಹಲ್ಲಿನ ಬ್ರಶ್ ಮೇಲ್ಮೈಯಲ್ಲೇ ಓಡಿ ಮೋಸ ಮಾಡುತ್ತದೆ, ಒಳಗೆ ಗಂಟು ಹಾಗೇ ಇರುತ್ತದೆ. ಒಂದು ಸಲಕ್ಕೆ 5ರಿಂದ 10 ನಿಮಿಷ ಸಾಕು. ಉಳಿದದ್ದು ನಾಳೆ.

ಕತ್ತರಿಯಿಂದ ಗಂಟನ್ನು ಕತ್ತರಿಸಬೇಡಿ. ಗಂಟು ಎಳೆದಾಗ ಚರ್ಮವೂ ಟೆಂಟಿನ ಹಾಗೆ ಮೇಲೆ ಬಂದಿರುತ್ತದೆ, ಕೂದಲೆಂದುಕೊಂಡು ಚರ್ಮವನ್ನೇ ಕೊಯ್ಯುತ್ತೀರಿ. ಬಿಡಿಸಲಾಗದ ಗಂಟನ್ನು ನಾಯಿಗಳ ಕ್ಲಿಪ್ಪರ್‌ನ 10 ನಂಬರ್ ಬ್ಲೇಡಿನಿಂದ ಚರ್ಮಕ್ಕೆ ಮಟ್ಟಸವಾಗಿ ತೆಗೆಯಿರಿ, ಅದು ಸುಮಾರು 1.5 ಮಿಮೀ ಕೂದಲು ಬಿಡುತ್ತದೆ. ಬ್ಲೇಡ್ ಬೇಗ ಕಾಯುತ್ತದೆ. ಎರಡು ಮೂರು ನಿಮಿಷಕ್ಕೊಮ್ಮೆ ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿ ನೋಡಿ. ನಿಮಗೆ ಬಿಸಿ ಅನ್ನಿಸಿದರೆ ತೊಡೆಸಂದಿಯ ತೆಳು ಚರ್ಮ ಸುಡುತ್ತದೆ. ಗಡ್ಡದ ಟ್ರಿಮ್ಮರ್ ಈ ಕೂದಲಿಗೆ ಸಿಕ್ಕಿಹಾಕಿಕೊಂಡು ಎಳೆಯುತ್ತದೆ, ಅದನ್ನು ಬಿಟ್ಟುಬಿಡಿ.

ಪೂರ್ತಿ ಯಾಕೆ ಬೋಳಿಸಬಾರದು ಅಂದರೆ, ಇದು ಎರಡು ಪದರದ ಕೂದಲು. ಬೋಳಿಸಿದರೆ ಒಳಗಿನ ಮೆತ್ತನೆ ಪದರ ಮೊದಲು ಬರುತ್ತದೆ, ಹೊರಗಿನ ಒರಟು ಕೂದಲು ತಿಂಗಳುಗಟ್ಟಲೆ ಬರದೆ ತೇಪೆ ತೇಪೆಯಾಗಿ ನಿಲ್ಲಬಹುದು. ಪೊಮೇರಿಯನ್‌ಗಳಲ್ಲಿ ಈ ತೊಂದರೆ ಎದ್ದು ಕಾಣುತ್ತದೆ. ಗುದದ ಸುತ್ತ, ಹೊಟ್ಟೆಯಡಿ, ಪಾದದ ಮೆತ್ತೆಗಳ ನಡುವೆ ಕತ್ತರಿಸಿದರೆ ತೊಂದರೆಯಿಲ್ಲ.

ಜಗಲಿಕಟ್ಟೆ:
ಕಾರ್ನ್‌ಫ್ಲೋರ್ ಉಪಾಯ ಕೆಲಸ ಮಾಡಿತು. ಆದರೆ ತೊಡೆಯ ಒಂದು ಗಂಟಿನಡಿ ಎಂಟಾಣೆ ಅಗಲದ ಕೆಂಪು, ಒದ್ದೆ ಜಾಗ. ವಾಸನೆಯೂ ಇದೆ. ಅರಿಶಿನ ಕೊಬ್ಬರಿ ಎಣ್ಣೆ ಹಚ್ಚಬಹುದಾ?

ಮಳೆಗಾಲದ ನಾಯಿ (ಹೊನ್ನಾವರ):
ಎಣ್ಣೆ ಬೇಡ. ಆ ಜಾಗಕ್ಕೆ ಬೇಕಾದ್ದು ಗಾಳಿ, ಎಣ್ಣೆ ಒದ್ದೆಯನ್ನು ಒಳಗೇ ಮುಚ್ಚಿಡುತ್ತದೆ. ಮೇಲಾಗಿ ನೆಕ್ಕಲು ರುಚಿ ಸಿಕ್ಕ ಹಾಗಾಗುತ್ತದೆ. ಸುತ್ತ ಎರಡು ಬೆರಳಗಲ ಕೂದಲು ತೆಗೆದು, ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಒತ್ತಿ ಒರೆಸಿ, ನೆಕ್ಕದ ಹಾಗೆ ಕುತ್ತಿಗೆಗೆ ಕೋನ್ ಹಾಕಿ, ವೈದ್ಯರಿಗೆ ತೋರಿಸಿ. ಅವರು ಕ್ಲೋರ್‌ಹೆಕ್ಸಿಡಿನ್ (ಸೋಂಕು ತಡೆಯುವ) ಶಾಂಪೂ ಬರೆದರೆ ನೊರೆ 10 ನಿಮಿಷ ಮೈಮೇಲೆ ಇರಬೇಕು. ಹಚ್ಚಿದ ಕೂಡಲೇ ತೊಳೆದರೆ ದುಡ್ಡು ಬಚ್ಚಲಿಗೆ ಹೋದ ಹಾಗೆ. ಮನುಷ್ಯರ ಶಾಂಪೂ ನಾಯಿಯ ಚರ್ಮಕ್ಕೆ ಹೊಂದುವುದಿಲ್ಲ.

ನಮ್ಮ ಕಡೆಯ ಮಳೆಯಲ್ಲಿ ಒಣಗಿಸುವುದೇ ದೊಡ್ಡ ಕೆಲಸ. ಮೇಲಿನ ಕೂದಲು ಒಣಗಿದ ಹಾಗೆ ಕಾಣುತ್ತದೆ, ಬೆರಳಿನಿಂದ ಸೀಳಿ ಬುಡ ನೋಡಿ. ಟವೆಲಿನಿಂದ ತಿಕ್ಕಿದರೆ ಮತ್ತೆ ಗಂಟಾಗುತ್ತದೆ, ಒತ್ತಿ ಒತ್ತಿ ನೀರು ತೆಗೆಯಿರಿ. ಡ್ರೈಯರ್ ಬಿಸಿ ಇಲ್ಲದ ಗಾಳಿಯಲ್ಲಿ, ಒಂದಡಿ ದೂರದಿಂದ. ಬಚ್ಚಲೊಲೆಯ ಹತ್ತಿರ ಕಟ್ಟಿಹಾಕುವ ಅಭ್ಯಾಸ ಬೇಡ, ಮುದಿ ನಾಯಿಗೆ ಸೆಕೆ ಹೆಚ್ಚಾದರೂ ಎದ್ದು ಸರಿಯಲು ಆಗುವುದಿಲ್ಲ. ಸಮುದ್ರಕ್ಕೆ ಇಳಿಯುವ ನಾಯಿಯಾದರೆ ಮನೆಗೆ ಬಂದ ಕೂಡಲೇ ಸಿಹಿನೀರು ಹುಯ್ಯಬೇಕು, ಉಪ್ಪು ಒಣಗಿದರೆ ತುರಿಕೆ ಶುರು.

ಜಗಲಿಕಟ್ಟೆ:
ಉಗುರು? ನೆಲದ ಮೇಲೆ ಟಕ್ ಟಕ್ ಸದ್ದು. ಎಲ್ಲ ಕಪ್ಪು ಉಗುರು.

ಕಾಳಿದಂಡೆ:
ಸದ್ದು ಬಂದರೆ ಉದ್ದವಾಗಿದೆ ಎಂದರ್ಥ. ಉದ್ದ ಉಗುರು ಬೆರಳನ್ನು ಹಿಂದಕ್ಕೆ ದೂಡುತ್ತದೆ, ಆ ಭಾರ ನೋವಿರುವ ಕೀಲಿಗೇ ಹೋಗುತ್ತದೆ. ಕಾಲನ್ನು ಪಕ್ಕಕ್ಕೆ ಎಳೆಯಬೇಡಿ. ಕುದುರೆಗೆ ಲಾಳ ಹೊಡೆಯುವವರು ಗೊರಸನ್ನು ಹಿಂದಕ್ಕೆ ಮಡಚಿ ಹಿಡಿಯುವಂತೆ, ಪಾದವನ್ನು ನೆಲದ ಹತ್ತಿರವೇ ಹಿಂದಕ್ಕೆ ಮಡಚಿ. ತುದಿಯಿಂದ 1 ಮಿಮೀ ತೆಳು ಬಿಲ್ಲೆ ಕತ್ತರಿಸಿ, ಕತ್ತರಿಸಿದ ಮುಖ ನೋಡಿ, ಮತ್ತೊಂದು ಬಿಲ್ಲೆ. ಮೊದಲು ಬಿಳಿ ಪುಡಿಪುಡಿ ಕಾಣುತ್ತದೆ. ನಡುವೆ ನುಣುಪಾದ ಕಪ್ಪು ಚುಕ್ಕೆ ಕಂಡರೆ ನಿಲ್ಲಿಸಿ, ಅದರ ಹಿಂದೆಯೇ ರಕ್ತನಾಳ. ಒಂದೇ ದಿನ ಗಿಡ್ಡ ಮಾಡಲು ಹೋಗದೆ ವಾರಕ್ಕೊಮ್ಮೆ ಸ್ವಲ್ಪ ತೆಗೆದರೆ ನಾಳವೂ ಹಿಂದೆ ಸರಿಯುತ್ತದೆ. ರಕ್ತ ಬಂದರೆ ಅದೇ ಕಾರ್ನ್‌ಫ್ಲೋರ್ ಒತ್ತಿ 5 ನಿಮಿಷ ಹಿಡಿಯಿರಿ, ನಡುವೆ ತೆಗೆದು ನೋಡಬೇಡಿ. ಮುಂಗಾಲಿನ ಒಳಬದಿಯ ಮೇಲುಗುರು ನೆಲಕ್ಕೆ ತಾಗುವುದಿಲ್ಲ, ಸುತ್ತಿಕೊಂಡು ಚರ್ಮಕ್ಕೇ ಚುಚ್ಚುತ್ತದೆ. ಅದನ್ನು ಮರೆಯಬೇಡಿ.

ಮಳೆಗಾಲದ ನಾಯಿ:
ಬಾಚುವಾಗಲೇ ಉಣುಗು ನೋಡಿಬಿಡಿ: ಕಿವಿಯೊಳಗೆ, ಬೆರಳಸಂದಿ, ಕುತ್ತಿಗೆಪಟ್ಟಿಯ ಅಡಿ, ಬಾಲದ ಬುಡ. ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರಕ್ಕೆ ಎಳೆಯಿರಿ. ಉಗುರಿನಿಂದ ಕುಟ್ಟಬೇಡಿ, ಬೆಟ್ಟಕ್ಕೆ ಹೋಗಿಬರುವ ನಾಯಿಯ ಮೈಮೇಲೆ ಮನುಷ್ಯರಿಗೆ ಮಂಗನ ಕಾಯಿಲೆ (ಕೆಎಫ್‌ಡಿ ಜ್ವರ) ಹರಡುವ ಉಣುಗೂ ಇರಬಹುದು. ಸೀಮೆಎಣ್ಣೆ, ತಂಬಾಕಿನ ನೀರು ಎರಡೂ ನಾಯಿಗೆ ವಿಷ. ಕೊಟ್ಟಿಗೆಯಲ್ಲಿ ದನಕ್ಕಿಟ್ಟ ಉಣುಗಿನ ಔಷಧವನ್ನು ಅಂದಾಜಿನಲ್ಲಿ ಹಚ್ಚುವುದು ಇನ್ನೂ ಅಪಾಯ, ಅದರಲ್ಲೂ ಮರಿಗೆ. ತೂಕ, ವಯಸ್ಸು ಹೇಳಿ ನಾಯಿಯದೇ ಔಷಧ ಬರೆಸಿಕೊಳ್ಳಿ.

ಜಗಲಿಕಟ್ಟೆ:
ಮರಿ?

ಕಾಳಿದಂಡೆ:
ಮರಿಗೆ ಈಗ ಬಾಚುವ ಅಗತ್ಯವೇ ಇಲ್ಲ, ಅಭ್ಯಾಸ ಮಾತ್ರ ಬೇಕು. ಊಟಕ್ಕೆ ಮೊದಲು ಎರಡು ನಿಮಿಷ. ಪಾದ ಮುಟ್ಟಿ, ಒಂದು ಕಾಳು ಆಹಾರ. ಕಿವಿ ಮಡಚಿ, ಮತ್ತೊಂದು. ಬ್ರಶ್‌ನ ಬೆನ್ನಿನಿಂದ ಸವರಿ, ಮತ್ತೊಂದು. ಮುಟ್ಟುವುದು ಮೊದಲು, ತಿಂಡಿ ಆಮೇಲೆ. ತಿಂಡಿ ತೋರಿಸುತ್ತಾ ಮುಟ್ಟಿದರೆ ಪಾಠ ತಲೆಕೆಳಗಾಗುತ್ತದೆ. ಬ್ರಶ್ ಕಚ್ಚಿದರೆ ಕಸಿದುಕೊಳ್ಳಬೇಡಿ, ಓಡಿಸಿಕೊಂಡು ಎಳೆದಾಡುವ ಆಟವಾಗುತ್ತದೆ. ಕೈ ನಿಲ್ಲಿಸಿ, ಬಿಟ್ಟ ಮೇಲೆ ಮುಂದುವರಿಸಿ. ಕ್ಲಿಪ್ಪರ್ ಸದ್ದು ಪಕ್ಕದ ಕೋಣೆಯಿಂದ ಶುರುಮಾಡಿ ದಿನಕ್ಕೆ ಸ್ವಲ್ಪ ಹತ್ತಿರ ತನ್ನಿ. ರಬ್ಬರ್ ಹಲ್ಲಿನ ಬ್ರಶ್ ಸಾಕು, ಲ್ಯಾಬ್ ಕೂದಲಿಗೆ ಮುಂದೆಯೂ ಅದೇ ನಡೆಯುತ್ತದೆ.

ಮುದಿಯದರ ಮುಂದೆ ಮರಿಯನ್ನು ಬಿಟ್ಟುಕೊಂಡು ಬಾಚಲು ಕೂರಬೇಡಿ. ಮೇಲೆ ಹಾರಿತೆಂದರೆ ಕಚ್ಚುವುದು ನಿಮ್ಮ ಕೈಯನ್ನೇ.

ಜಗಲಿಕಟ್ಟೆ:
ವೈದ್ಯರು ನೋಡಿದರು, ಎಡ ಮಂಡಿಚಿಪ್ಪು ಜಾರುತ್ತಿದೆಯಂತೆ. ನೋವಿನ ಔಷಧ ಕೊಟ್ಟಿದ್ದಾರೆ. ಬಲ ಮಗ್ಗುಲಿಗೆ ಮಲಗಿಸಿ ಬಾಚಿದರೆ ಗುರ್ ಇಲ್ಲ. ಎಡತೊಡೆಯಲ್ಲಿ ಇನ್ನು ಎರಡು ಗಂಟು ಬಾಕಿ.