ಅಪ್‌ಡೇಟ್: ಟ್ರಕ್ ನಡುಕ ಕೊನೆಗೂ ನಿಂತಿತು

ಟೆಕ್ಸಸ್ ಹೈವೇಯಲ್ಲಿ 65 ಮೈಲಿ ವೇಗ ದಾಟಿದ ಕೂಡಲೇ ನನ್ನ ಪಿಕಪ್ ಟ್ರಕ್ ನಡುಗುತ್ತೆ, ಚಕ್ರಗಳಿಗೆ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗ್ತಿಲ್ಲ ಅಂತ ಕೇಳಿದ್ದೆ. ನಡುಗೋದು ಸ್ಟೀರಿಂಗಾ ಸೀಟಾ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಸ್ಟೀರಿಂಗ್ ನಡುಗಿದರೆ ಸಾಮಾನ್ಯವಾಗಿ ಮುಂದಿನ ಚಕ್ರ, ಸೀಟು ನಡುಗಿದರೆ ಹಿಂದಿನದು. ನನ್ನದರಲ್ಲಿ ಸೀಟೇ ನಡುಗುತ್ತಿತ್ತು, ಹಾಗಾಗಿ ಹಿಂದಿನ ಚಕ್ರಗಳಿಂದ ಶುರು ಮಾಡಿಸಿದೆ.

ಈ ಚಕ್ರಗಳಲ್ಲಿ ಹೊಳೆಯೋದು ಲೋಹ ಅಲ್ಲ, ಅಲ್ಯೂಮಿನಿಯಂ ಮೇಲೆ ಅಂಟಿಸಿರುವ ಕ್ರೋಮ್ ಲೇಪನದ ಪ್ಲಾಸ್ಟಿಕ್ ಹೊದಿಕೆ. ಬ್ಯಾಲೆನ್ಸಿಂಗ್ ಮೆಷಿನ್‌ನಲ್ಲಿ ಚಕ್ರವನ್ನು ನಡುವಿನ ತೂತಿನಿಂದ ಹಿಡಿದು ಕೂರಿಸುವ ಕೋನ್ ಆ ಹೊದಿಕೆಗೆ ತಾಗಿ ಕೂತರೆ ಚಕ್ರ ಸೆಂಟರ್‌ಗೆ ಬರಲ್ಲ, ರೀಡಿಂಗೇ ಸುಳ್ಳು. ಈ ಸಲದ ಮೆಕ್ಯಾನಿಕ್ ಹಿಂಬದಿಯಿಂದ ಕೋನ್ ಹಾಕಿ, ಬ್ಯಾಲೆನ್ಸ್ ಸರಿದೂಗಿಸುವ ಪುಟ್ಟ ವೇಯ್ಟ್‌ಗಳನ್ನು ಒಳಗೆ, ಸ್ಪೋಕ್‌ಗಳ ಹಿಂದೆ ಅಂಟಿಸಿದರು. ಆಮೇಲೆ ರೋಲರ್ ಒತ್ತಿ ತಿರುಗಿಸಿ, ಟೈರ್ ಒತ್ತಡ ಸುತ್ತಿನಲ್ಲಿ ಎಷ್ಟು ಏರಿಳಿಯುತ್ತೆ ಅಂತ ಅಳೆಯುವ ರೋಡ್ ಫೋರ್ಸ್ ಟೆಸ್ಟ್. ಏರಿಳಿತ ಕಡಿಮೆ ಇದ್ದಷ್ಟೂ ಒಳ್ಳೆಯದು. ಹಿಂದಿನ ಎಡ ಟೈರ್ 41 ಪೌಂಡ್ ತೋರಿಸಿತು! ಗಾಳಿ ಬಿಟ್ಟು, ಟೈರನ್ನು ರಿಮ್ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸಿದಾಗ 17ಕ್ಕೆ ಇಳಿಯಿತು. ನನ್ನ ಪ್ರಕಾರ ಅಸಲಿ ರೋಗ ಇದೇ.

ಈಗ 75ರಲ್ಲೂ ಸೀಟು ಅಲ್ಲಾಡಲ್ಲ. ಹಳೇ ಅಂಗಡಿಯವರು ಅಂಚಿಗೆ ಹೊಡೆದಿದ್ದ ಕ್ಲಿಪ್ ವೇಯ್ಟ್‌ನಿಂದ ಒಂದು ಹೊದಿಕೆ ಮೇಲೆದ್ದಿದೆ. ಒಳಗೆ ನೀರು ನಿಂತರೆ ಬ್ಯಾಲೆನ್ಸ್ ಮತ್ತೆ ಕೆಡುತ್ತೆ, ಹಾಗಾಗಿ ಆ ಚಕ್ರ ಬದಲಾಯಿಸ್ತಿದ್ದೀನಿ.