ಕೋವಿ ಜೀಪಿನಲ್ಲೇ ಇತ್ತು, ಎದುರಿಗೆ ಯಾರೋ ಹೊಡೆತ ತಿನ್ನುತ್ತಿದ್ದ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ತೋಟದಮನೆ, ಶಿರಸಿ:

ನಮ್ಮ ಕಡೆ ಅಡಿಕೆ ತೋಟ ಇದ್ದವರ ಮನೆಯಲ್ಲಿ ಕೋವಿ ಇರುವುದು ಹೊಸದೇನಲ್ಲ. ನಮ್ಮದು ಒಂಟಿ ನಳಿಗೆಯ ತೋಟಾ (ಕಾರ್ಟ್ರಿಜ್) ಕೋವಿ, ಬೆಳೆ ರಕ್ಷಣೆಯ ಲೈಸೆನ್ಸು. ಮೊದಲು ಅಪ್ಪನ ಹೆಸರಲ್ಲಿತ್ತು, ಈಗ ನನ್ನ ಹೆಸರಲ್ಲಿದೆ. ಮಂಗ ಓಡಿಸುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸ ಇಲ್ಲ. 2024ರ ಲೋಕಸಭೆ ಚುನಾವಣೆಗೆ ಎಲ್ಲರ ಹಾಗೆ ನಾನೂ ಅದನ್ನು ಠಾಣೆಯಲ್ಲಿ ಇಟ್ಟು ಬಂದಿದ್ದೆ. ನೀತಿ ಸಂಹಿತೆ ಮುಗಿದ ಮೇಲೆ, ಜೂನ್‌ನಲ್ಲಿ, ಹೋಗಿ ವಾಪಸ್ ತಂದೆ. ಆ ದಿನ ಪೇಟೆಯಲ್ಲಿ ಬೇರೆ ಕೆಲಸವೂ ಇತ್ತು, ಹೊರಡುವಾಗ ರಾತ್ರಿ ಆಗಿಹೋಗಿತ್ತು.

ಕುಮಟಾ ರಸ್ತೆ, ಮಳೆ ಬೇರೆ. ರಾಗಿಹೊಸಳ್ಳಿ ದಾಟಿ ಸ್ವಲ್ಪ ಮುಂದೆ ರಸ್ತೆ ಬದಿಗೆ ಒಂದು ಕಾರು ನಿಂತಿತ್ತು, ಬಾಗಿಲು ತೆರೆದೇ ಇತ್ತು. ಇಬ್ಬರು ಸೇರಿ ಒಬ್ಬನನ್ನು ಚರಂಡಿಗೆ ಕೆಡವಿ ಹೊಡೆಯುತ್ತಿದ್ದರು. ಒಬ್ಬನ ಕೈಯಲ್ಲಿ ಜಾಕಿ ರಾಡು. ಮೂವರಲ್ಲಿ ಯಾರ ಗುರುತೂ ನನಗಿಲ್ಲ. ಮೊಬೈಲಿನಲ್ಲಿ ನೆಟ್‌ವರ್ಕ್ ಇಲ್ಲ, ಆ ರಸ್ತೆಯ ಕಥೆ ಎಲ್ಲರಿಗೂ ಗೊತ್ತು.

ಕೋವಿ ಹಿಂದಿನ ಸೀಟಿನಲ್ಲಿ ಚೀಲದೊಳಗಿತ್ತು, ತೋಟಾ ಬೇರೆ ಡಬ್ಬದಲ್ಲಿ. ತೆಗೆಯಲಿಲ್ಲ. ಜೀಪನ್ನು ಸ್ವಲ್ಪ ದೂರದಲ್ಲೇ ನಿಲ್ಲಿಸಿ ಪೂರ್ತಿ ಲೈಟು ಬಿಟ್ಟು ಹಾರನ್ ಒತ್ತಿ ಹಿಡಿದೆ, ಕೈ ಎತ್ತಲೇ ಇಲ್ಲ. ಅವರು ತಿರುಗಿ ನೋಡಿದರು, ಕಣ್ಣಿಗೆ ಕೈ ಅಡ್ಡ ಹಿಡಿದು ಒಂದು ಹೆಜ್ಜೆ ಈ ಕಡೆ ಬಂದರು ಕೂಡ, ಆಮೇಲೆ ಏನನ್ನಿಸಿತೋ ಕಾರು ಹತ್ತಿ ಘಟ್ಟದ ಕಡೆ ಹೋದರು. ಬಿದ್ದವನ ಹುಬ್ಬು ಒಡೆದು ರಕ್ತ ಮಳೆನೀರಿನ ಜೊತೆ ಅಂಗಿಗೆ ಇಳಿಯುತ್ತಿತ್ತು. ಅವನು ಚರಂಡಿಯಲ್ಲಿ ಕೈ ಆಡಿಸುತ್ತಾ ಒಂದು ಕಾಲಿನ ಚಪ್ಪಲಿ ಹುಡುಕುತ್ತಿದ್ದ. ಬಾ ಮಾರಾಯ, ಚಪ್ಪಲಿ ಹಾಳಾಗಲಿ ಎಂದರೂ ಕೇಳಲಿಲ್ಲ. ಕೊನೆಗೆ ಎಳೆದು ಜೀಪಿಗೆ ಹತ್ತಿಸಿ ಶಿರಸಿ ಆಸ್ಪತ್ರೆಗೆ ಬಿಟ್ಟು ಬಂದೆ.

ಈಗ ಮನೆಯಲ್ಲಿ ಅದೇ ಚರ್ಚೆ. ಭಾವ ಹೇಳುವುದು, ಕೋವಿ ಇದ್ದೂ ಹಾರನ್ ಹೊಡೆಯುತ್ತಾ ಕೂತೆಯಲ್ಲ, ಗಾಳಿಯಲ್ಲಿ ಒಂದು ಈಡು ಬಿಟ್ಟಿದ್ದರೆ ಇಬ್ಬರೂ ಅಲ್ಲೇ ಕೂರುತ್ತಿದ್ದರು ಅಂತ. ಹೆಂಡತಿ ಹೇಳುವುದು, ಯಾರದೋ ಜಗಳಕ್ಕೆ ಜೀಪು ನಿಲ್ಲಿಸಿದ್ದೇ ಹೆಚ್ಚು, ಮನೆಯಲ್ಲಿ ಸಣ್ಣ ಮಕ್ಕಳಿವೆ ಅಂತ. ಎರಡೂ ನನಗೆ ಒಪ್ಪಿಗೆ ಆಗುತ್ತಿಲ್ಲ. ನನ್ನ ತಲೆ ತಿನ್ನುತ್ತಿರುವುದು ಬೇರೆ. ಅವರು ಹೋಗದೇ ಇದ್ದಿದ್ದರೆ? ಆ ರಾಡು ಇನ್ನೊಂದು ಸಲ ತಲೆಗೇ ಬೀಳುವಂತಿದ್ದರೆ? ಆಗಲೂ ಕೋವಿ ಚೀಲದಲ್ಲೇ ಇರಬೇಕಿತ್ತಾ? ಕಾನೂನು ಗೊತ್ತಿದ್ದವರು, ಕೋವಿ ಹಿಡಿದು ಗೊತ್ತಿದ್ದವರು ದಯವಿಟ್ಟು ಹೇಳಿ.

ಬೇಣದ ಕಾವಲು, ಸಿದ್ದಾಪುರ:

ನೀವು ಮಾಡಿದ್ದು ಸರಿಯಾಗಿದೆ ಹೆಗಡೇರೇ (ಹೆಗಡೇರೋ ಭಟ್ರೋ ಗೊತ್ತಿಲ್ಲ, ತಪ್ಪಿದ್ದರೆ ಕ್ಷಮಿಸಿ). ನಾನು ಹುಡುಗನಾಗಿದ್ದಾಗ ಅಜ್ಜನ ಕೇಪಿನ ಕೋವಿಯಿಂದ ಶುರು ಮಾಡಿದವನು, ಆದ್ದರಿಂದ ಕೋವಿ ವಿಷಯ ಮಾತ್ರ ಹೇಳುತ್ತೇನೆ.

ನಮ್ಮ ತೋಟಾ ಕೋವಿಯಲ್ಲಿ ಹೋಗುವುದು ಒಂದು ಗುಂಡಲ್ಲ, ಚರೆ, ಅಂದರೆ ಸಣ್ಣ ಸಣ್ಣ ಗುಂಡುಗಳ ರಾಶಿ. ನಳಿಗೆ ಬಿಟ್ಟ ಮೇಲೆ ಅದು ಹರಡುತ್ತಾ ಹೋಗುತ್ತದೆ. ಇಪ್ಪತ್ತು ಇಪ್ಪತ್ತೈದು ಮೀಟರ್ ಹೋಗುವಷ್ಟರಲ್ಲಿ ಎರಡು ಮೂರು ಅಡಿ ಅಗಲ ಆಗಿರುತ್ತದೆ. ಮೂವರು ಒಂದೇ ಚರಂಡಿಯಲ್ಲಿ ಉರುಳಾಡುವಾಗ ಹೊಡೆಯುವವನಿಗೆ ಮಾತ್ರ ತಾಗಿಸುತ್ತೇನೆ ಅನ್ನುವವನು ಕೋವಿ ಹಿಡಿದವನೇ ಅಲ್ಲ. ಅದೂ ರಾತ್ರಿ, ಮಳೆಯಲ್ಲಿ, ಎದೆ ಡವಡವ ಅನ್ನುವಾಗ. ಹಂದಿ ಎಂದುಕೊಂಡು ಮನುಷ್ಯನಿಗೇ ಹೊಡೆದ ಸುದ್ದಿ ನಮ್ಮ ಮಲೆನಾಡಲ್ಲಿ ಎಷ್ಟು ಸಲ ಓದಿಲ್ಲ? ಅವರೆಲ್ಲ ಕೋವಿ ಗೊತ್ತಿಲ್ಲದವರಲ್ಲ. ಇನ್ನು ಗಾಳಿಯಲ್ಲಿ ಒಂದು ಈಡು ಅಂತಾರಲ್ಲ ನಿಮ್ಮ ಭಾವ, ಒಂಟಿ ನಳಿಗೆಯಲ್ಲಿ ಆ ಈಡು ಮುಗಿದ ಮೇಲೆ ಮತ್ತೆ ತೋಟಾ ತುಂಬುವವರೆಗೆ ಕೈಯಲ್ಲಿರುವುದು ಬರೀ ಕೋಲು. ಅಷ್ಟರಲ್ಲಿ ರಾಡು ಹಿಡಿದವನು ನಿಮ್ಮ ಮೈಮೇಲೇ ಬಂದಿರುತ್ತಾನೆ.

ಇನ್ನೊಂದು. ಯಾರು ಕಳ್ಳ, ಯಾರು ಸಂಭಾವಿತ ಅಂತ ಆ ಒಂದು ನಿಮಿಷದಲ್ಲಿ ನಿಮಗೆ ಗೊತ್ತಿತ್ತಾ? ಬಿದ್ದವನೇ ಮೊದಲು ಚೂರಿ ಹಾಕಲು ಹೋಗಿ, ಆ ಇಬ್ಬರು ಅವನನ್ನು ಕೆಡವಿದ್ದಾಗಿದ್ದರೆ? ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ದಾರಿಯಲ್ಲಿ ಬಂದವನಿಗೆ ಜಗಳದ ತುದಿ ಮಾತ್ರ ಕಾಣುತ್ತದೆ, ಬುಡ ಕಾಣುವುದಿಲ್ಲ.

ಘಟ್ಟದ ಹುಡುಗ, ಯಲ್ಲಾಪುರ:

ಕಾವಲು ಅಣ್ಣ ಹೇಳಿದ್ದು ಚರೆ ವಿಷಯಕ್ಕೆ ಸರಿ, ಆದರೆ ಅಷ್ಟಕ್ಕೇ ಕೈ ಕಟ್ಟಿ ಕೂರಬೇಕು ಅಂದರೆ ನಾನು ಒಪ್ಪುವುದಿಲ್ಲ. 2022ರ ಜುಲೈಯಲ್ಲಿ ಅಮೆರಿಕದ ಇಂಡಿಯಾನಾದಲ್ಲಿ, ಗ್ರೀನ್‌ವುಡ್ ಎಂಬ ಊರಿನ ಮಾಲ್‌ನಲ್ಲಿ ಒಬ್ಬ ರೈಫಲ್ ಹಿಡಿದು ಊಟದ ಜಾಗದಲ್ಲಿ ಗುಂಡು ಹಾರಿಸಲು ಶುರು ಮಾಡಿದ. ಮೂವರು ಸತ್ತರು. ಅಲ್ಲೇ ಇದ್ದ 22 ವರ್ಷದ ಹುಡುಗ, ಪೊಲೀಸನೂ ಅಲ್ಲ ಸೈನಿಕನೂ ಅಲ್ಲ, ತನ್ನ ಪಿಸ್ತೂಲಿನಿಂದ 15 ಸೆಕೆಂಡಿನಲ್ಲಿ ಅವನನ್ನು ಕೆಡವಿದ. ಪೊಲೀಸರು ಬರುವವರೆಗೆ ಕಾದಿದ್ದರೆ ಎಷ್ಟು ಹೆಣ ಬೀಳುತ್ತಿತ್ತು? ನಮ್ಮ ಘಟ್ಟದಲ್ಲಂತೂ ಪೊಲೀಸರು ಬರಲು ಎಷ್ಟು ಹೊತ್ತು ಬೇಕು ಅಂತ ಎಲ್ಲರಿಗೂ ಗೊತ್ತು.

ಬೇಣದ ಕಾವಲು, ಸಿದ್ದಾಪುರ:

ತಮ್ಮಾ, ಅದರ ಹಿಂದಿನ ವರ್ಷದ್ದನ್ನೂ ಓದು. 2021ರ ಜೂನ್‌ನಲ್ಲಿ ಕೊಲೊರಾಡೊದ ಆರ್ವಾಡಾ ಎಂಬ ಊರಲ್ಲಿ ಯಾರೋ ಒಬ್ಬ ಒಬ್ಬ ಪೊಲೀಸ್ ಅಧಿಕಾರಿಯನ್ನು ಕೊಂದ. ಅಲ್ಲೇ ಅಂಗಡಿಯಲ್ಲಿದ್ದ ಒಬ್ಬ ಹೊರಗೆ ಓಡಿ ಬಂದು ಕೊಲೆಗಾರನನ್ನು ಹೊಡೆದು ಉರುಳಿಸಿದ, ಎಷ್ಟೋ ಜನರನ್ನು ಉಳಿಸಿದ. ಆಮೇಲೆ ಕೊಲೆಗಾರನ ರೈಫಲ್ ಕೈಗೆತ್ತಿಕೊಂಡ. ಅಷ್ಟರಲ್ಲಿ ಬಂದ ಇನ್ನೊಬ್ಬ ಪೊಲೀಸ್, ಇವನೇ ಕೊಲೆಗಾರ ಎಂದು ತಿಳಿದು ಅವನಿಗೇ ಗುಂಡು ಹಾಕಿದ. ಸತ್ತೇಹೋದ. ಅಂಥ ಧೈರ್ಯವಂತ ಮನುಷ್ಯ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕತ್ತಲೆಯಲ್ಲಿ ಕೋವಿ ಹಿಡಿದು ನಿಂತವನನ್ನು ನೋಡಿ, ಇವನು ಸಹಾಯಕ್ಕೆ ಬಂದವನು ಅಂತ ಯಾರು ಹೇಗೆ ತಿಳಿಯಬೇಕು?

ಕಾಳಿ ದಂಡೆ, ಕಾರವಾರ:

ವಕೀಲಿ ಮಾಡುವವನು, ಕಾನೂನಿನ ಭಾಗ ಹೇಳುತ್ತೇನೆ. ನಿಮ್ಮ ಘಟನೆ ಜೂನ್‌ನಲ್ಲಿ ನಡೆದದ್ದರಿಂದ ಹಳೆಯ ಐಪಿಸಿ (ಭಾರತೀಯ ದಂಡ ಸಂಹಿತೆ) ಅನ್ವಯ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಆದರೆ ಈ ವಿಷಯದಲ್ಲಿ ಎರಡೂ ಹೇಳುವುದು ಒಂದೇ.

ಮೊದಲನೆಯದಾಗಿ, ಗುರುತಿಲ್ಲದವನ ಪ್ರಾಣ ಉಳಿಸುವ ಹಕ್ಕು ನಿಮಗಿದೆ. ಹಳೆಯದರಲ್ಲಿ 97ನೇ, ಹೊಸದರಲ್ಲಿ 35ನೇ ಕಲಂ. ತನ್ನ ದೇಹ, ಬೇರೆ ಯಾರದೇ ದೇಹ, ಎರಡೂ ಸೇರಿಯೇ ಇದೆ. ಅವನು ನಿಮ್ಮ ನೆಂಟನಾಗಿರಬೇಕಿಲ್ಲ. ಎದುರಿನವನು ಕೊಲ್ಲುತ್ತಾನೆ, ಇಲ್ಲವೇ ಕೈಕಾಲು ಮುರಿಯುವಂಥ ಪೆಟ್ಟು ಕೊಡುತ್ತಾನೆ ಎಂಬ ಹೆದರಿಕೆಗೆ ಆ ಹೊತ್ತಿನಲ್ಲಿ ಸರಿಯಾದ ಕಾರಣ ಇದ್ದರೆ, ಆ ಹಕ್ಕು ಅವನ ಪ್ರಾಣ ಹೋಗುವವರೆಗೂ ಹೋಗಬಹುದು. ಆದರೆ ಅಲ್ಲೇ ಬೇಲಿಯೂ ಇದೆ, 99ನೇ ಕಲಂ, ಈಗಿನ 37. ಪೊಲೀಸರ ಮೊರೆ ಹೋಗಲು ಸಮಯ ಇದ್ದರೆ ಈ ಹಕ್ಕು ಇಲ್ಲ. ಬೇಕಾದ್ದಕ್ಕಿಂತ ಜಾಸ್ತಿ ಪೆಟ್ಟು ಕೊಡುವ ಹಾಗೂ ಇಲ್ಲ. ನೆಟ್‌ವರ್ಕ್ ಇಲ್ಲದ ಘಟ್ಟ, ತಲೆಗೆ ಬೀಳುತ್ತಿರುವ ರಾಡು, ಇದೆಲ್ಲ ನಿಮ್ಮ ಪರ ನಿಲ್ಲುತ್ತದೆ. ಓಡುತ್ತಿರುವವನ ಬೆನ್ನಿಗೆ ಹೊಡೆದರೆ ಯಾವುದೂ ನಿಲ್ಲುವುದಿಲ್ಲ. ಅಪಾಯ ಮುಗಿದ ಕ್ಷಣಕ್ಕೆ ಹಕ್ಕೂ ಮುಗಿಯಿತು. 2010ರಲ್ಲಿ ದರ್ಶನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೆಲ್ಲ ವಿವರವಾಗಿ ಹೇಳಿದೆ, ಜೊತೆಗೆ ಇದು ತಡೆಯುವ ಹಕ್ಕು, ಸೇಡಿನ ಹಕ್ಕಲ್ಲ ಎಂದೂ ಹೇಳಿದೆ.

ಲೈಸೆನ್ಸಿನದು ಬೇರೆ ಲೆಕ್ಕ. ನಿಮ್ಮದು ಬೆಳೆ ರಕ್ಷಣೆಗೆ ಕೊಟ್ಟದ್ದು. ಠಾಣೆಯಿಂದ ಮನೆಗೆ ಒಯ್ಯುತ್ತಿದ್ದಿರಿ, ಅದರಲ್ಲಿ ತಪ್ಪಿಲ್ಲ. ಆದರೆ ನಾಳೆಯಿಂದ ದಾರಿಯಲ್ಲಿ ಯಾರಿಗಾದರೂ ಸಹಾಯ ಆಗಲಿ ಎಂದು ಜೀಪಿನಲ್ಲೇ ಇಟ್ಟುಕೊಂಡು ತಿರುಗಿದರೆ ಷರತ್ತು ಮುರಿದ ಹಾಗೆ. ಆಯುಧ ಕಾಯ್ದೆಯ 30ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು ಇದೆ, ಲೈಸೆನ್ಸೂ ಹೋಗಬಹುದು. ಗಾಳಿಯಲ್ಲಿ ಈಡು ಬಿಡುವುದೂ ಸುಮ್ನೆ ಅಲ್ಲ. 2019ರ ತಿದ್ದುಪಡಿಯ ನಂತರ, ಬೇರೆಯವರ ಜೀವಕ್ಕೆ ಅಪಾಯ ಆಗುವ ಹಾಗೆ ಬೇಜವಾಬ್ದಾರಿಯಿಂದ ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಭಾವನಿಗೆ ಇದನ್ನು ಓದಿ ಹೇಳಿ.

ಬೇಲೆಯ ಹುಡುಗಿ, ಅಂಕೋಲಾ:

ಎಲ್ಲರೂ ಕೋವಿ ಹಿಡಿದವನ ಕಡೆಯಿಂದಲೇ ಬರೆಯುತ್ತಿದ್ದೀರಿ. ಚರಂಡಿಯಲ್ಲಿ ಬಿದ್ದವನ ಕಡೆಯಿಂದ ನಾನು ಬರೆಯುತ್ತೇನೆ.

ಕಾಲೇಜಿಗೆ ಹೋಗುವಾಗ ಸಂಜೆ ಬಸ್ ಇಳಿದು ನಡೆದು ಬರುತ್ತಿದ್ದೆ. ಇಬ್ಬರು ಬೈಕಿನಲ್ಲಿ ಹಿಂದೆ ಬಿದ್ದರು, ಒಬ್ಬ ಇಳಿದು ಕೈ ಹಿಡಿದ. ರಸ್ತೆಯಲ್ಲಿ ಜನ ಇದ್ದರು, ನೋಡಿದರು, ಹೋದರು. ಮೀನು ಮಾರಿ ಬುಟ್ಟಿ ಕಟ್ಟುತ್ತಿದ್ದ ಒಬ್ಬ ಅಜ್ಜಿ ಮಾತ್ರ ಎದ್ದು ಬಂದಳು. ಕೈಯಲ್ಲಿ ಮೀನು ಕೊಯ್ಯುವ ಕತ್ತಿ, ಅದಕ್ಕೆ ಇನ್ನೂ ಪರೆ ಅಂಟಿಕೊಂಡಿತ್ತು. ಎತ್ತಲಿಲ್ಲ, ಬೀಸಲಿಲ್ಲ. ನನ್ನ ಪಕ್ಕ ನಿಂತು "ಯಾರ ಮನೆಯವನೋ ನೀನು?" ಎಂದು ಜೋರಾಗಿ ಕೇಳಿದಳು, ಅಷ್ಟೇ. ಅವಳಿಗೆ ನಾನು ಯಾರು ಅಂತ ಗೊತ್ತಿರಲಿಲ್ಲ. ಅವರು ಹೋದರು. ಆ ಕತ್ತಿ ಇಲ್ಲದಿದ್ದರೂ ಹೋಗುತ್ತಿದ್ದರಾ ಅಂತ ನಾನು ಇವತ್ತಿಗೂ ಯೋಚನೆ ಮಾಡುತ್ತೇನೆ, ಉತ್ತರ ಸಿಕ್ಕಿಲ್ಲ.

ಆದ್ದರಿಂದ ಆಯುಧ ಇದ್ದವರು ದೂರ ಇರಲಿ ಎಂದು ನಾನು ಹೇಳಲಾರೆ. ಆದರೆ ಅವಳು ಮೊದಲು ಬಂದು ಪಕ್ಕದಲ್ಲಿ ನಿಂತಳು, ಅದು ದೊಡ್ಡದು. ಮೊಬೈಲ್ ಎತ್ತಿ ವಿಡಿಯೊ ಮಾಡುವವರು ಎಷ್ಟು ಜನ ಬೇಕಾದರೂ ಸಿಗುತ್ತಾರೆ, ನಿಲ್ಲುವವರು ಸಿಗುವುದಿಲ್ಲ. ಅಣ್ಣಾ, ನೀವು ನಿಲ್ಲಿಸಿದಿರಿ. ಅತ್ತಿಗೆಗೆ ಹೆದರಿಕೆ ಆಗುವುದು ಸಹಜ, ಅವರ ಮೇಲೆ ಬೇಸರ ಮಾಡಬೇಡಿ. ಆದರೆ ನಿಮ್ಮ ಮಗಳು ನಾಳೆ ಅಂಥ ರಸ್ತೆಯಲ್ಲಿದ್ದರೆ ಯಾರಾದರೂ ನಿಲ್ಲಿಸಲಿ ಅಂತಲೇ ಅವರೂ ಬೇಡಿಕೊಳ್ಳುತ್ತಾರೆ.

ಬೇಣದ ಕಾವಲು, ಸಿದ್ದಾಪುರ:

ತಂಗೀ, ಆ ಅಜ್ಜಿಗೆ ಕೈ ಮುಗಿಯುತ್ತೇನೆ. ಕತ್ತಿಗೂ ಕೋವಿಗೂ ವ್ಯತ್ಯಾಸ ಇದೆ ಅನ್ನುವುದಷ್ಟೇ ನನ್ನ ಮಾತು. ಕತ್ತಿ ಹಿಡಿದವಳ ಕೈಗೆ ಸಿಕ್ಕುವಷ್ಟು ದೂರಕ್ಕೇ ನಿಲ್ಲುತ್ತದೆ, ಹಿಂದೆ ಬಸ್ಸಿಗೆ ಕಾಯುವವನಿಗೆ ತಾಗುವುದಿಲ್ಲ.

ತೋಟದಮನೆ, ಶಿರಸಿ:

ಎಲ್ಲರಿಗೂ ಧನ್ಯವಾದ. ತಂಗಿ ಬರೆದದ್ದನ್ನು ಮನೆಯಲ್ಲಿ ಓದಿ ಹೇಳಿದೆ. ಹೆಂಡತಿ ಏನೂ ಹೇಳಲಿಲ್ಲ, ಫೋನು ಇಸಿದುಕೊಂಡು ಇನ್ನೊಂದು ಸಲ ತಾನೇ ಓದಿದಳು.

ಕೋವಿ ತೋಟದ ಮನೆಯಲ್ಲೇ ಇರುತ್ತದೆ, ಅದು ತೀರ್ಮಾನ ಆಯಿತು. ಆದರೆ ರಾಡು ತಲೆಗೇ ಬೀಳುವುದು ಕಣ್ಣೆದುರು ಕಂಡಿದ್ದರೆ ಅವತ್ತು ಚೀಲದ ಹುರಿ ಬಿಚ್ಚುತ್ತಿದ್ದೆ, ಅದನ್ನು ಸುಳ್ಳು ಹೇಳುವುದಿಲ್ಲ. ವಕೀಲರೇ, ಒಂದು ಪ್ರಶ್ನೆ ಉಳಿದಿದೆ. ಆಸ್ಪತ್ರೆಯಲ್ಲಿ ನನ್ನ ಹೆಸರು, ನಂಬರ್ ಕೊಟ್ಟಿದ್ದೇನೆ, ಯಾರೂ ಕರೆದಿಲ್ಲ. ಆ ಕಾರಿನ ನಂಬರ್ ಅರ್ಧ ನೆನಪಿದೆ. ನಾನಾಗಿಯೇ ಹೋಗಿ ಹೇಳಬೇಕಾ? ಆ ಜಾಗ ಯಾವ ಠಾಣೆಗೆ ಸೇರುತ್ತದೆ ಎನ್ನುವುದೂ ಸರಿಯಾಗಿ ಗೊತ್ತಿಲ್ಲ.

ಕಾಳಿ ದಂಡೆ, ಕಾರವಾರ:

ಹೋಗಿ ಹೇಳಿ, ನಾಳೆಯೇ. ಹತ್ತಿರದ ಯಾವ ಠಾಣೆಗಾದರೂ ಹೋಗಬಹುದು, ವ್ಯಾಪ್ತಿ ಬೇರೆಯಾದರೆ ಅಲ್ಲಿಗೆ ಕಳಿಸುವುದು ಅವರ ಕೆಲಸ. ಅರ್ಧ ನಂಬರ್, ಕಾರಿನ ಬಣ್ಣ, ಎಷ್ಟು ಗಂಟೆ, ಯಾವ ಕಡೆ ಹೋಯಿತು, ಇಷ್ಟು ಬರೆದುಕೊಂಡು ಹೋಗಿ. ಕೋವಿ ಚೀಲದಲ್ಲಿತ್ತು ಎನ್ನುವುದನ್ನೂ ಮುಚ್ಚಿಡಬೇಡಿ, ಠಾಣೆಯಿಂದ ಬಿಡಿಸಿಕೊಂಡ ರಸೀದಿ ಇದ್ದರೆ ಜೊತೆಗೆ ತೆಗೆದುಕೊಂಡು ಹೋಗಿ. ಹೊಡೆತ ತಿಂದವನು ಹೆದರಿ ದೂರು ಕೊಡದೇ ಇದ್ದರೆ, ಆ ಇಬ್ಬರನ್ನು ನೋಡಿದವರು ನೀವೊಬ್ಬರೇ.